ಬರವಲ್ದು, ಬಂತಂತ, ಬಂತ್ರಿ: ಧಾರವಾಡ ಕನ್ನಡ ಯಂತ್ರದ ಕಿವಿಗೆ ದಕ್ಕದಿರುವುದೇಕೆ

ಗದಗ ಕಡೆಯ ರೈತರೊಬ್ಬರು ಬೆಳೆವಿಮೆ ಸಹಾಯವಾಣಿಗೆ ಫೋನ್ ಮಾಡಿ "ಹದಿನೈದು ದಿನ ಆತ್ರಿ, ಮಳಿ ಬರವಲ್ದು" ಅಂದರು ಎಂದುಕೊಳ್ಳಿ. ಆ ಕಡೆ ಕೇಳಿಸಿಕೊಳ್ಳುವುದು ಮನುಷ್ಯರಲ್ಲ, ಮಾತನ್ನು ಅಕ್ಷರಕ್ಕಿಳಿಸುವ ತಂತ್ರಾಂಶ. ಅದು ಓದಿ ಬೆಳೆದದ್ದು ಪತ್ರಿಕೆಯ ಕನ್ನಡವನ್ನು. "ಬರವಲ್ದು" ಅದಕ್ಕೆ ಎಂದೂ ಸಿಗದ ಪದ, "ಬರುವುದು" ಸಾವಿರ ಸಲ ಸಿಕ್ಕ ಪದ. ಎರಡರ ನಡುವೆ ದನಿಯ ಅಂತರವೂ ಬಹಳವಿಲ್ಲ. ತೆರೆಯ ಮೇಲೆ "ಮಳೆ ಬರುವುದು" ಎಂದು ಮೂಡಿದರೆ ದೂರು ತಲೆಕೆಳಗಾಯಿತು. ಬರ ಬಿದ್ದ ಊರಿನ ದಾಖಲೆಯಲ್ಲಿ ಮಳೆಯ ಭರವಸೆ ಉಳಿಯಿತು.

ಇದನ್ನು ಹಳ್ಳಿ ಉಚ್ಚಾರದ ತೊಂದರೆ ಎಂದು ತಳ್ಳಿಹಾಕುವವರಿದ್ದಾರೆ. ತೊಂದರೆಯ ಬೇರು ಇನ್ನೂ ಆಳದಲ್ಲಿದೆ. ಜಗತ್ತಿನ ಸುಮಾರು ಏಳು ಸಾವಿರ ಭಾಷೆಗಳು ಒಂದೇ ಅರ್ಥವನ್ನು ವಾಕ್ಯದ ಬೇರೆ ಬೇರೆ ಜಾಗದಲ್ಲಿ ಇಡುತ್ತವೆ. ಇಂಗ್ಲಿಷಿನಲ್ಲಿ "ಇಲ್ಲ" ಎಂಬುದಕ್ಕೆ ಹೆಚ್ಚಾಗಿ ಬೇರೆಯೇ ಒಂದು ಪದವಿದೆ, ಅದು ವಾಕ್ಯದ ನಡುವೆ ಬರುತ್ತದೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಕನ್ನಡದಲ್ಲಿ ಹೌದೋ ಅಲ್ಲವೋ ಎಂಬುದು, ಕಂಡ ಮಾತೋ ಕೇಳಿದ ಮಾತೋ ಎಂಬುದು, ಯಾರಿಗೆ ಹೇಳುತ್ತಿದ್ದೇವೆ ಎಂಬುದು ಮೂರೂ ಕ್ರಿಯಾಪದದ ಬಾಲದಲ್ಲೇ ಕೂತಿರುತ್ತವೆ. ಮಾತಿನಲ್ಲಿ ಉಸಿರು ಇಳಿಯುವುದು, ದನಿ ತಗ್ಗುವುದು, ಕೊನೆಯ ಸ್ವರ ನುಂಗಿಹೋಗುವುದು ಕೂಡ ಅದೇ ಬಾಲದಲ್ಲಿ. ಅತಿ ಮುಖ್ಯವಾದ ಅರ್ಥ ಅತಿ ಮೆತ್ತಗಿನ ದನಿಯ ಮೇಲೆ ನಿಂತಿದೆ.

ಇದು ಈಗ ತುರ್ತಿನ ವಿಷಯ. ಭಾರತೀಯ ಭಾಷೆಗಳ ಅನುವಾದಕ್ಕೆಂದು ಕೇಂದ್ರ ಸರಕಾರ 2022ರಲ್ಲಿ ಭಾಷಿಣಿ ವೇದಿಕೆಯನ್ನು ತೆರೆಯಿತು. 2023ರಲ್ಲಿ ಪಿಎಂ-ಕಿಸಾನ್ ಯೋಜನೆಗೆ ಕಿಸಾನ್ ಇ-ಮಿತ್ರ ಎಂಬ ಮಾತಾಡುವ ಸಹಾಯಕ ಬಂತು. ಬ್ಯಾಂಕು, ವಿಮೆ, ವಿದ್ಯುತ್ ಬಿಲ್ಲು ಎಲ್ಲವೂ ಈಗ ಬಾಯಿಮಾತಿನ ಕಡೆ ಹೊರಳುತ್ತಿವೆ. ಓದು ಬರಹ ಬಾರದವರಿಗೆ ಇದರಿಂದ ನಿಜವಾದ ಅನುಕೂಲವಿದೆ. ಆದ್ದರಿಂದಲೇ ಯಂತ್ರ ಎಲ್ಲಿ ಎಡವುತ್ತದೆ ಎಂದು ಬಿಡಿಸಿ ನೋಡಬೇಕು.

ಕಳೆದರೆ ಹುಟ್ಟುವ ನಿಷೇಧ

"ಬರವಲ್ದು" ಎಂಬುದರ ಹಿಂದೆ ಜಗತ್ತಿನಲ್ಲೇ ಅಪರೂಪದ ಒಂದು ವ್ಯಾಕರಣವಿದೆ. ಹೆಚ್ಚಿನ ಭಾಷೆಗಳು "ಇಲ್ಲ" ಎನ್ನಲು ಏನನ್ನಾದರೂ ಸೇರಿಸುತ್ತವೆ: ಒಂದು ಪದ, ಒಂದು ಪ್ರತ್ಯಯ, ಇಲ್ಲವೇ ಒಂದು ಸಹಾಯಕ ಕ್ರಿಯೆ. ಹಳಗನ್ನಡ ಮತ್ತು ನಡುಗನ್ನಡ ಕಳೆಯುತ್ತಿದ್ದವು. "ನೋಡುವೆನು" ಎಂದರೆ ನೋಡುತ್ತೇನೆ. ಅದರಿಂದ ಕಾಲ ತೋರಿಸುವ "ವ"ವನ್ನು ತೆಗೆದು ಧಾತುವಿಗೆ ನೇರವಾಗಿ "ಎನು" ಹಚ್ಚಿದರೆ "ನೋಡೆನು", ಅಂದರೆ ನೋಡುವುದಿಲ್ಲ. "ಅಲ್ಲ" ಎಂಬ ಅರ್ಥಕ್ಕೆ ಇಲ್ಲಿ ಪ್ರತ್ಯೇಕ ಗುರುತೇ ಇಲ್ಲ. ಕಾಲದ ಗುರುತು ಕಾಣೆಯಾಗಿರುವುದೇ ನಿಷೇಧದ ಗುರುತು. ನಿಷೇಧಗಳನ್ನು ಭಾಷೆಯಿಂದ ಭಾಷೆಗೆ ಹೋಲಿಸಿ ನೋಡುವ ಪಂಡಿತರು ಇಂಥ ರಚನೆಗೆ ಉದಾಹರಣೆ ಬೇಕಾದಾಗ ದ್ರಾವಿಡ ಭಾಷೆಗಳ ಹತ್ತಿರ ಬರುತ್ತಾರೆ.

ಬರಹದ ಕನ್ನಡದಲ್ಲಿ ಇದು "ಆಗದು", "ಬಾರದು", "ಅರಿಯೆ"ಗಳಲ್ಲಿ ಅಲ್ಲಲ್ಲಿ ಉಳಿದಿದೆ. ಧಾರವಾಡದ ಕಡೆ "ಒಲ್" ಧಾತುವಿನ ಬೆನ್ನೇರಿ ದಿನಬಳಕೆಯಲ್ಲೇ ಇದೆ. ನಾ ಒಲ್ಲೆ, ನೀ ಒಲ್ಲಿ, ಅವ ಒಲ್ಲ, ಅಕಿ ಒಲ್ಲಳು, ಅವರು ಒಲ್ಲರು. ಇದೇ "ಒಲ್" ಬೇರೆ ಕ್ರಿಯೆಗೆ ಅಂಟಿಕೊಂಡಾಗ ನಾ ಹೋಗವಲ್ಲೆ, ನೀ ಕೇಳವಲ್ಲಿ, ಅವ ಕೇಳವಲ್ಲ, ಕೆಲಸ ಆಗವಲ್ದು. ನಿಷೇಧವೇ ಪುರುಷಕ್ಕೂ ಲಿಂಗಕ್ಕೂ ತಕ್ಕಂತೆ ತಿರುಗುತ್ತದೆ. ಈ ಗುಣಕ್ಕೆ ಜಗತ್ತಿನಲ್ಲಿ ಹೆಸರಾದ ಭಾಷೆ ಫಿನ್ನಿಷ್. ಅಲ್ಲಿ "ಹೋಗುವುದಿಲ್ಲ" ಎನ್ನಲು ನಾನಾದರೆ "ಎನ್ ಮೆನೆ", ನೀನಾದರೆ "ಎತ್ ಮೆನೆ", ಅವನೋ ಅವಳೋ ಆದರೆ "ಎಯ್ ಮೆನೆ". ಹೋಗುವ ಕ್ರಿಯೆ ಅಲುಗದೆ ನಿಲ್ಲುತ್ತದೆ, "ಇಲ್ಲ" ಎಂಬುದು ಪುರುಷಕ್ಕೆ ತಕ್ಕಂತೆ ಬದಲಾಗುತ್ತದೆ.

ಅರ್ಥದಲ್ಲೂ ಒಂದು ಸೂಕ್ಷ್ಮವಿದೆ. "ಮಳಿ ಬಂದಿಲ್ಲ" ಎಂದರೆ ಈವರೆಗೆ ಆಗಿಲ್ಲ. "ಮಳಿ ಬರಾಂಗಿಲ್ಲ" ಎಂದರೆ ಬರುವ ಲಕ್ಷಣವಿಲ್ಲ, ಮುಂದೆಯೂ ಬಾರದು. "ಮಳಿ ಬರವಲ್ದು" ಎಂದರೆ ಬರಬೇಕಾದ ಹೊತ್ತು, ದಾರಿ ಕಾಯುತ್ತಿದ್ದೇವೆ, ಆದರೂ ಬರುತ್ತಿಲ್ಲ. ಕೆಟ್ಟ ಪಂಪ್‌ಸೆಟ್ಟಿಗೂ ಹಟ ಹಿಡಿದ ಮಗುವಿಗೂ ಇದೇ ರೂಪ: "ಚಾಲೂ ಆಗವಲ್ದು", "ಉಣ್ಣವಲ್ಲ". ಬಂದಿಲ್ಲ, ಬರಾಂಗಿಲ್ಲ, ಬರವಲ್ದು ಮೂರನ್ನೂ ಒಂದೇ "ಬರುತ್ತಿಲ್ಲ"ಕ್ಕೆ ಇಳಿಸುವ ಯಂತ್ರ ನಿಷೇಧವನ್ನು ಉಳಿಸಿಕೊಂಡರೂ ಕಾಯುವಿಕೆಯನ್ನು ಕಳೆದುಬಿಡುತ್ತದೆ. ಬಿತ್ತನೆಯ ಹಂಗಾಮಿನ ದೂರಿನಲ್ಲಿ ತೂಕವಿರುವುದು ಆ ಕಾಯುವಿಕೆಗೇ.

ಅಳತೆಗೋಲಿನ ಕುರುಡು

ಇಂಥ ತಂತ್ರಾಂಶ ಎಷ್ಟು ಚೆನ್ನಾಗಿದೆ ಎಂದು ಕೇಳಿದರೆ ತಯಾರಕರು ಹೇಳುವುದು ಪದದೋಷದ ಪ್ರಮಾಣ. ಲೆಕ್ಕ ಸರಳ: ತಪ್ಪಾಗಿ ಬರೆದ ಪದ, ಬಿಟ್ಟುಹೋದ ಪದ, ಇಲ್ಲದೆಯೂ ಸೇರಿಸಿದ ಪದ, ಈ ಮೂರನ್ನು ಕೂಡಿ ನಿಜವಾಗಿ ಆಡಿದ ಪದಗಳ ಸಂಖ್ಯೆಯಿಂದ ಭಾಗಿಸಬೇಕು. ಪದಗಳು ಬಿಡಿಬಿಡಿಯಾಗಿ ನಿಲ್ಲುವ ಭಾಷೆಗಳಿಗೆ ಈ ಅಳತೆ ತಕ್ಕಮಟ್ಟಿಗೆ ನಡೆಯುತ್ತದೆ. ಕನ್ನಡಕ್ಕೆ ಹಚ್ಚಿದಾಗ ಏನಾಗುತ್ತದೆ ನೋಡಿ.

ಆಡಿದ ಮಾತು: "ನಾಳೆ ಬ್ಯಾಡಗಿ ಮಾರ್ಕೆಟ್ಟಿಗೆ ಬರಾಂಗಿಲ್ರಿ." ನಾಲ್ಕು ಪದ. ಒಂದು ಯಂತ್ರ "ನಾಳೆ ಬ್ಯಾಡಗಿ ಮಾರ್ಕೆಟ್ಟಿಗೆ ಬರಂಗಿಲ್ಲ ರೀ" ಎಂದು ಬರೆಯಿತು. ಒಂದು ಪದ ಬದಲಾಗಿದೆ, ಒಂದು ಹೆಚ್ಚಾಗಿದೆ, ಹಾಗಾಗಿ ನಾಲ್ಕಕ್ಕೆ ಎರಡು, ಶೇ. 50 ದೋಷ. ಅರ್ಥ ಮಾತ್ರ ಪೂರ್ತಿ ಸರಿ. ಇನ್ನೊಂದು ಯಂತ್ರ "ನಾಳೆ ಬ್ಯಾಡಗಿ ಮಾರ್ಕೆಟ್ಟಿಗೆ ಬರ್ತೀನ್ರಿ" ಎಂದು ಬರೆಯಿತು. ನಾಲ್ಕಕ್ಕೆ ಒಂದು, ಶೇ. 25 ದೋಷ. ಅರ್ಥ ಉಲ್ಟಾ. ಮೆಣಸಿನಕಾಯಿ ಚೀಲ ಬರುತ್ತದೆಂದು ದಲಾಲಿ ಅಂಗಡಿಯವರು ಮುಂಜಾನೆಯಿಂದ ಕಾಯಬೇಕು. ಈ ಅಳತೆಗೋಲಿನ ಪ್ರಕಾರ ಎರಡನೆಯ ಯಂತ್ರವೇ ಎರಡು ಪಟ್ಟು ಉತ್ತಮ!

ಪದದ ಬದಲು ಅಕ್ಷರದೋಷ ಎಣಿಸುವವರೂ ಇದ್ದಾರೆ. ಪದಕ್ಕೆ ಪದ ಅಂಟಿಸುವ ಭಾಷೆಗಳಿಗೆ ಅದು ವಾಸಿ, ಆದರೆ ಸಾಲದು. ನಿಷೇಧ, ಕೇಳಿಕೆ (ಇನ್ನೊಬ್ಬರಿಂದ ಕೇಳಿ ಹೇಳುವ ಮಾತು), ಸಂಖ್ಯೆ ಮತ್ತು ಹೆಸರು ಈ ನಾಲ್ಕರ ತಪ್ಪನ್ನು ಬೇರೆಯಾಗಿ ಎಣಿಸಿ ತೋರಿಸದ ಯಾವ ಅಂಕಿಯನ್ನೂ ಉತ್ತರ ಕರ್ನಾಟಕದ ಸೇವೆಗೆ ಒಪ್ಪಬಾರದು.

ಬೆಳಿ, ಬೆಲಿ, ಬೇಲಿ, ಬ್ಯಾಳಿ

ದನಿಗಳ ವಿಷಯಕ್ಕೆ ಬಂದರೆ ಭಾಷೆಗಳ ನಡುವಿನ ಅಂತರ ಬೆರಗು ಹುಟ್ಟಿಸುವಂಥದ್ದು. ಪಾಪುವಾ ನ್ಯೂಗಿನಿಯ ಬೋಗನ್‌ವಿಲ್ ದ್ವೀಪದ ರೊಟೊಕಾಸ್ ಭಾಷೆ ಹನ್ನೊಂದರಷ್ಟೇ ಮೂಲ ದನಿಗಳಲ್ಲಿ ಸಂಸಾರ ನಡೆಸುತ್ತದೆ. ಬೋಟ್ಸ್‌ವಾನಾದ ತಾ ಭಾಷೆಯಲ್ಲಿ ನಾಲಿಗೆ ಲೊಟಕಿಸುವ ದನಿಗಳೂ ಸೇರಿ ವ್ಯಂಜನಗಳೇ ನೂರು ದಾಟುತ್ತವೆ. ಕಾಕಸಸ್ ಸೀಮೆಯ ಉಬಿಖ್‌ನಲ್ಲಿ 84 ವ್ಯಂಜನಗಳಿದ್ದವು, ಸ್ವರಗಳು ಎರಡೋ ಮೂರೋ. ಅದನ್ನು ನಿರರ್ಗಳವಾಗಿ ಆಡಬಲ್ಲ ಕೊನೆಯವರಾದ ತೆವ್ಫಿಕ್ ಎಸೆಂಚ್ 1992ರಲ್ಲಿ ತುರ್ಕಿಯಲ್ಲಿ ತೀರಿಕೊಂಡರು, ಅವರೊಂದಿಗೆ ಆ 84 ದನಿಗಳ ಮಾತೂ ಮುಗಿಯಿತು. ನಮ್ಮ ದೇಶದಲ್ಲೇ ಪಂಜಾಬಿ ಬರಹದ "ಘ" ಪದದ ಮೊದಲಿಗೆ ಬಂದಾಗ ಬಾಯಲ್ಲಿ "ಕ" ಆಗುತ್ತದೆ, ಕಳೆದುಹೋದ ಮಹಾಪ್ರಾಣ ದನಿಯ ಇಳಿತವಾಗಿ ಉಳಿದಿದೆ. ಆ ಏರಿಳಿತ ಬದಲಾದರೆ ಪದವೇ ಬದಲಾಗುತ್ತದೆ.

ದನಿ ಹೆಚ್ಚಿದ್ದಷ್ಟೂ ಯಂತ್ರಕ್ಕೆ ಕಷ್ಟ ಎಂದು ತಿಳಿಯಬೇಡಿ. ಅರ್ಥ ಬದಲಿಸುವ ನಾಲ್ಕು ತಾನಗಳ (ದನಿಯ ಏರಿಳಿತಗಳ) ಚೀನೀ ಭಾಷೆಯನ್ನು ಯಂತ್ರಗಳು ಚೆನ್ನಾಗಿಯೇ ಹಿಡಿಯುತ್ತವೆ, ಯಾಕೆಂದರೆ ಅದರ ಧ್ವನಿಮುದ್ರಣ ರಾಶಿರಾಶಿಯಾಗಿ ಸಿಗುತ್ತದೆ. ಕೊರತೆ ಇರುವುದು ಕೇಳಿಸಿದ ಗಂಟೆಗಳಲ್ಲಿ. ಧಾರವಾಡ ಕನ್ನಡಕ್ಕೆ ಆ ಕೊರತೆಯ ಜೊತೆಗೆ ಇನ್ನೊಂದು ತೊಡಕಿದೆ: ಬರಹದ ಕನ್ನಡದಲ್ಲಿ ದೂರ ದೂರ ಇರುವ ಪದಗಳು ಇಲ್ಲಿ ಹತ್ತಿರ ಬಂದಿವೆ, ಹತ್ತಿರ ಇರುವವು ದೂರ ಹೋಗಿವೆ.

ಪದದ ಕೊನೆಯ "ಎ" ಇಲ್ಲಿ "ಇ" ಆಗುತ್ತದೆ: ಮನಿ, ಮಳಿ, ಕೆರಿ, ತಲಿ. ಬೆಳೆ "ಬೆಳಿ" ಆಯಿತು, ಬೆಲೆ "ಬೆಲಿ" ಆಯಿತು, ಬಳೆ "ಬಳಿ" ಆಯಿತು. ಪಕ್ಕದಲ್ಲೇ ಮೊದಲಿನಿಂದಲೂ "ಬಿಳಿ", "ಬೇಲಿ", "ಬಲಿ", "ಬಳ್ಳಿ" ಇದ್ದವು. ಬೇಳೆ ಮಾತ್ರ "ಬ್ಯಾಳಿ". ಯಂತ್ರದ ಕಿವಿ ಪರೀಕ್ಷಿಸಲು ಇಷ್ಟು ಪದ ಸಾಕು. ಒಂದೊಂದನ್ನೂ ವಾಕ್ಯದಲ್ಲಿಟ್ಟು ಕೇಳಿಸಿ: "ಬೆಳಿ ಬಂತು", "ಬೆಲಿ ಬಂತು". ಒಂದು ಹೊಲದ ಸುದ್ದಿ, ಇನ್ನೊಂದು ಪೇಟೆಯ ಸುದ್ದಿ. ನಡುವೆ ಇರುವುದು ನಾಲಿಗೆಯ ತುದಿ ಹಲ್ಲಿನ ಹಿಂದೆ ತಾಗಿತೋ ಮೇಲಕ್ಕೆ ಮಡಚಿತೋ ಎಂಬಷ್ಟೇ ಅಂತರ. ನಾಲಿಗೆ ಮಡಚಿ ಆಡುವ ಟ, ಡ, ಣ, ಳಗಳಂಥ ಮೂರ್ಧನ್ಯ ದನಿಗಳು ಜಗತ್ತಿನ ಐದು ಭಾಷೆಗಳಲ್ಲಿ ಒಂದರಲ್ಲಿ ಮಾತ್ರ ಸಿಗುತ್ತವೆ. ಅವು ಇಲ್ಲದ ಭಾಷೆಗಳಿಂದ ಕಲಿತು, ಮೇಲೆ ಒಂದಿಷ್ಟು ಕನ್ನಡ ಹಚ್ಚಿಕೊಂಡ ಯಂತ್ರ ಳ-ಲ ಕಲಸುವುದು ಸಹಜ.

"ಬ್ಯಾಳಿ"ಯಲ್ಲಿ ಧ್ವನಿಶಾಸ್ತ್ರದ ಒಂದು ಒಳ್ಳೆಯ ಪಾಠ ಅಡಗಿದೆ. ಮುಂದಿನ ಸ್ವರ ಇ ಅಥವಾ ಉ ಆಗಿದ್ದರೆ "ಏ" ಹಾಗೇ ನಿಲ್ಲುತ್ತದೆ: ಬೇಲಿ, ಬೇರು, ಕೇಳು, ಹೇಳು. ಮುಂದೆ ಅ ಅಥವಾ ಎ ಇದ್ದರೆ ಬಾಯಿ ಅಗಲವಾಗುತ್ತದೆ: ಬೇಡ "ಬ್ಯಾಡ" ಆಗುತ್ತದೆ. ಹಾಗಾದರೆ "ಪ್ಯಾಟಿ", "ಬ್ಯಾಳಿ" ಎಂಬಲ್ಲಿ ಮುಂದೆ ಇ ಇದ್ದರೂ ಬಾಯಿ ಅಗಲವಾದದ್ದೇಕೆ? ಬಾಯಿ ಅಗಲವಾಗುವ ಹೊತ್ತಿಗೆ ಅಲ್ಲಿ ಇದ್ದದ್ದು ಎ: ಪೇಟೆ, ಬೇಳೆ. ಕೊನೆಯ ಎ ಇ ಆದದ್ದು ಆಮೇಲೆ. ಎರಡು ಬದಲಾವಣೆಗಳಲ್ಲಿ ಯಾವುದು ಮೊದಲು ಎಂಬ ಇತಿಹಾಸ ಈ ಎರಡಕ್ಷರದ ಪದದಲ್ಲಿ ಉಳಿದುಕೊಂಡಿದೆ. ಈ ನಿಯಮ ಗೊತ್ತಿದ್ದರೆ ಬರಹದ ಕನ್ನಡದ ಪದಪಟ್ಟಿಯಿಂದಲೇ ಧಾರವಾಡದ ಉಚ್ಚಾರಪಟ್ಟಿಯನ್ನು ಬಹುಪಾಲು ತಾನಾಗಿ ತಯಾರಿಸಬಹುದು. ಮೊದಲು ಏ ಅಗಲಿಸಬೇಕು, ಆಮೇಲೆ ಕೊನೆಯ ಎ ಬದಲಿಸಬೇಕು. ಸರದಿ ತಪ್ಪಿದರೆ ಆ ಅರ್ಥದಲ್ಲಿ ಯಾರೂ ಆಡದ "ಪೇಟಿ", "ಬೇಳಿ" ಪಟ್ಟಿಗೆ ಸೇರುತ್ತವೆ.

ಈ ಅಗಲ ಬಾಯಿಯ ಸ್ವರಕ್ಕೆ ನಮ್ಮ ಲಿಪಿಯಲ್ಲಿ ಅಕ್ಷರವಿಲ್ಲ, "್ಯಾ" ಎಂದು ಬರೆದು ನಡೆಸುತ್ತೇವೆ. ಅದರ ಬೆಲೆ ಕಂಪ್ಯೂಟರಿನೊಳಗೆ ತೆರಬೇಕು. "ಬ್ಯಾಡ್ರಿ" ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡ್ ಎಂಬ ಕಂಪ್ಯೂಟರಿನ ಅಕ್ಷರಪಟ್ಟಿಯಲ್ಲಿ ಅದು ಬ, ವಿರಾಮ (ಒತ್ತಕ್ಷರ ಕೂಡಿಸುವ ಗುರುತು), ಯ, ಆ-ಕಾರ, ಡ, ವಿರಾಮ, ರ, ಇ-ಕಾರ ಎಂದು ಎಂಟು ಚಿಹ್ನೆ. ಅದನ್ನು ಕಡತದಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಚಿಹ್ನೆಗೆ 3 ಬೈಟಿನಂತೆ 24 ಬೈಟ್. ಮುಂದಿನ ಪದವನ್ನು ಊಹಿಸುವ ತಂತ್ರಾಂಶಗಳಾದ ಭಾಷಾಮಾದರಿಗಳು ಪದವನ್ನು ತುಂಡು ಮಾಡಿ ಓದುತ್ತವೆ. ಅಪರೂಪದ ಪದವಾದರೆ ಎಲ್ಲೆಂದರಲ್ಲಿ ಕತ್ತರಿಸುತ್ತವೆ. ಹೀಗೆ ಚೂರಾದ ಪದದ ಕೊನೆಯ ಚೂರನ್ನು ಊಹಿಸುವಾಗ ಮಾದರಿ ತನಗೆ ಪರಿಚಿತವಾದ ಬಾಲವನ್ನೇ ಹಚ್ಚಿಬಿಡುತ್ತದೆ.

ದನಿಯ ಉದ್ದದ ಮಾತೂ ಇದೆ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಎರಡು ಮುಖ್ಯ ಬಗೆ: ಗಿಡ್ಡ, ದುಂಡಗಿನ ಡಬ್ಬಿ ಮತ್ತು ಉದ್ದ, ಸಣ್ಣಗಿನ ಕಡ್ಡಿ. ಅವಸರದ ಮಾತಿನಲ್ಲಿ "ಕಡ್ಡಿ"ಯ ಒತ್ತು ಕುಗ್ಗಿದರೆ ಯಂತ್ರ "ಕಡಿ" ಎಂದು ಬರೆದೀತು. ಮನುಷ್ಯರ ಕಿವಿಗೆ ಇಲ್ಲಿ ಇನ್ನೊಂದು ಸುಳಿವಿದೆ: ಒಂಟಿ ಡ ಎರಡು ಸ್ವರಗಳ ನಡುವೆ ನಾಲಿಗೆ ಹೊಡೆದು ಹಾರುವ ದನಿ, ಒತ್ತಿನ ಡ್ಡ ನಾಲಿಗೆ ನಿಂತು ಬಿಡುವ ದನಿ. ಎಲಿ-ಎಲ್ಲಿ, ಹಳಿ-ಹಳ್ಳಿ ಜೋಡಿಗಳಲ್ಲಿ ಆ ಸುಳಿವೂ ಇಲ್ಲ, ಉದ್ದವೊಂದೇ ಆಧಾರ. ಎಸ್ಟೋನಿಯನ್ ಭಾಷೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮೂರು ಉದ್ದಗಳನ್ನು ಬಳಸುತ್ತದೆ. ಅಲ್ಲಿ "ನಗರದ" ಮತ್ತು "ನಗರಕ್ಕೆ" ಎಂಬ ಎರಡು ರೂಪಗಳ ಕಾಗುಣಿತ ಒಂದೇ ("ಲಿನ್ನ"), ಅದರ ನ್ನ ದನಿಯನ್ನು ಎಳೆಯುವ ಅಳತೆಯಷ್ಟೇ ಬೇರೆ.

ಎದುರಿಗೆ ಯಾರಿದ್ದಾರೆ ಎಂಬುದೂ ಕ್ರಿಯಾಪದದಲ್ಲೇ

"ಮಳಿ ಬಂತ್ರಿ." ಇಲ್ಲಿನ "ರಿ" ಮಳೆಗೆ ಕೊಟ್ಟ ಗೌರವ ಅಲ್ಲ, ಕೇಳುತ್ತಿರುವವರಿಗೆ ಕೊಟ್ಟದ್ದು. ಅದೇ ಸುದ್ದಿಯನ್ನು ಗೆಳೆಯನಿಗೆ ಹೇಳುವಾಗ "ಬಂತಪಾ", ಮಗಳಿಗೋ ಗೆಳತಿಗೋ "ಬಂತವಾ", ಅವ್ವನಿಗೆ "ಬಂತಬೇ", ಸಲಿಗೆಯ ಓರಗೆಯವನಿಗೆ "ಬಂತಲೇ". ವಾಕ್ಯದ ಕರ್ತೃ ಮಳೆ. ಕೇಳುಗನಿಗೆ ಆ ವಾಕ್ಯದೊಳಗೆ ಯಾವ ಪಾತ್ರವೂ ಇಲ್ಲ. ಆದರೂ ಕ್ರಿಯಾಪದ ಅವನನ್ನು ನೋಡಿಕೊಂಡೇ ರೂಪ ಬದಲಿಸುತ್ತದೆ.

ಸ್ಪೇನ್-ಫ್ರಾನ್ಸ್ ಗಡಿಯ ಬಾಸ್ಕ್ ಭಾಷೆಯಲ್ಲೂ ಇದಕ್ಕೆ ಹತ್ತಿರದ ವ್ಯವಸ್ಥೆ ಇದೆ. "ಅವನು ಬಂದ" ಎಂಬುದು ಸಾಧಾರಣವಾಗಿ "ಎತೊರಿ ದಾ". ಸಲಿಗೆಯ ಗಂಡಸಿಗೆ ಹೇಳುವಾಗ "ಎತೊರಿ ದುಕ್", ಸಲಿಗೆಯ ಹೆಂಗಸಿಗೆ ಹೇಳುವಾಗ "ಎತೊರಿ ದುನ್". ಬಂದವನು ಅವನೇ, ಕೇಳಿಸಿಕೊಂಡವರು ಬೇರೆ. ಬಾಸ್ಕ್‌ನ ಈ ಗುಣದ ಬಗ್ಗೆ ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಹುಬ್ಬಳ್ಳಿಯ ರಿ, ಪಾ, ವಾ, ಬೇಗಳಿಗೆ ಅಷ್ಟೇ ಗಮನ ಸಲ್ಲಬೇಕು.

ಯಂತ್ರ ಇಲ್ಲಿ ಎರಡು ಬಗೆಯಲ್ಲಿ ಎಡವುತ್ತದೆ. "ರಿ" ಎಂಬುದು "ಬರ್ರಿ, ಕೂಡ್ರಿ" ಎಂಬ ಆಜ್ಞೆಗಳಲ್ಲೂ ಬರುವುದರಿಂದ "ಬ್ಯಾಡ್ರಿ" ಎಂಬ ನಿರಾಕರಣೆಯನ್ನು ಬೇಡಿಕೊಳ್ಳುವ ಮಾತೆಂದು, ಅಂದರೆ "ಬೇಡಿರಿ" ಎಂದು ಓದುವ ಅಪಾಯವಿದೆ. ಎರಡನೆಯದು ಉತ್ತರ ಕೊಡುವಾಗ. ಬಾಲದಲ್ಲಿದ್ದ ಸಂಬಂಧವನ್ನು ಯಂತ್ರ ಎಸೆದಿರುತ್ತದೆ, ಹಾಗಾಗಿ ವಯಸ್ಸಾದ ಅಜ್ಜಿಗೂ ಹುಡುಗನಿಗೂ ಒಂದೇ ಒಣ "ಬಂದಿದೆ".

ಕಂಡದ್ದು ಬೇರೆ, ಕೇಳಿದ್ದು ಬೇರೆ

ಕೊಲಂಬಿಯಾ-ಬ್ರೆಜಿಲ್ ಗಡಿಯ ತುಯುಕಾ ಭಾಷೆಯಲ್ಲಿ "ಅವನು ಚೆಂಡಾಡಿದ" ಎಂದು ಸುಮ್ಮನೆ ಹೇಳಲು ಬರುವುದಿಲ್ಲ. ಕಣ್ಣಾರೆ ಕಂಡೆ, ಸದ್ದು ಕೇಳಿ ತಿಳಿದೆ, ಗುರುತು ನೋಡಿ ತಿಳಿದೆ, ಯಾರೋ ಹೇಳಿದರು, ಇರಬೇಕೆಂದು ಊಹಿಸಿದೆ, ಈ ಐದರಲ್ಲಿ ಯಾವುದೆಂದು ಕ್ರಿಯಾಪದದ ಬಾಲ ಹೇಳಲೇಬೇಕು. ತುರ್ಕಿಯ ಭಾಷೆಯಲ್ಲೂ ಭೂತಕಾಲ ಎರಡು ಬಗೆ: ಸ್ವತಃ ಬಲ್ಲದ್ದು "ಗೆಲ್ದಿ", ಬಂದನೆಂದು ಕೇಳಿದ್ದು ಅಥವಾ ಗುರುತಿನಿಂದ ತಿಳಿದದ್ದು "ಗೆಲ್ಮಿಶ್".

ಕನ್ನಡಕ್ಕೆ ಇದರಲ್ಲಿ ಒಂದು ಪಾಲಿದೆ. "ಪರಿಹಾರ ಕೊಟ್ಟಾರ" ಎಂದರೆ ಕೊಟ್ಟಿದ್ದಾರೆ. "ಪರಿಹಾರ ಕೊಟ್ಟಾರಂತ" ಎಂದರೆ ಕೊಟ್ಟಿದ್ದಾರೆಂದು ಜನ ಅನ್ನುತ್ತಾರೆ, ನನಗೆ ಗೊತ್ತಿಲ್ಲ. ಮೈಸೂರಿನ ಕಡೆ ಕೇಳಿಕೆಗೆ "ಅಂತೆ", ಇನ್ನೊಬ್ಬರ ಮಾತನ್ನು ಎತ್ತಿ ಹೇಳುವುದಕ್ಕೆ "ಅಂತ" ಎಂದು ಎರಡು ರೂಪಗಳು. ಧಾರವಾಡದ ಕಡೆ ಎರಡಕ್ಕೂ "ಅಂತ". "ಬರ್ತಾನಂತ" ಎಂಬಲ್ಲಿಗೆ ಮಾತು ನಿಂತರೆ ಕೇಳಿಕೆ, "ಬರ್ತಾನಂತ ಹೇಳ್ಯಾನ" ಎಂದು ಮುಂದುವರಿದರೆ ಅವನದೇ ಮಾತು. ಮುಂದೆ ಪದ ಬಂತೋ ಇಲ್ಲವೋ ಎಂಬುದರ ಮೇಲೆ ಅರ್ಥ ನಿಂತಿದೆ. ಮೌನ ಕಂಡ ಕೂಡಲೇ ಕಿವಿ ಮುಚ್ಚುವ ತಂತ್ರಾಂಶಕ್ಕೆ ಇದು ಗೊತ್ತಾಗುವುದು ಕಷ್ಟ. "ಅಂತ" ಬಿದ್ದುಹೋದರೆ ಊರ ಗಾಳಿಸುದ್ದಿ ರೈತ ತಾನೇ ಕೊಟ್ಟ ಹೇಳಿಕೆಯಾಗಿ ದಾಖಲಾಗುತ್ತದೆ. ನಾಳೆ ಆ ದಾಖಲೆ ಹಿಡಿದು "ಪರಿಹಾರ ಬಂದಿದೆ ಎಂದು ನೀವೇ ಹೇಳಿದ್ದೀರಿ" ಎಂದರೆ ಅವನು ಏನು ಮಾಡಬೇಕು?

ಅನುವಾದಕ್ಕೆ ಹೋದರೆ ಇನ್ನೂ ಎರಡು ಗುಂಡಿಗಳಿವೆ. ಭಾಷೆಗಳ ಪದಕ್ರಮ ಹೋಲಿಸಿದ ದೊಡ್ಡ ಸಮೀಕ್ಷೆಗಳಲ್ಲಿ ಕನ್ನಡದಂತೆ ಕ್ರಿಯೆಯನ್ನು ಕೊನೆಗಿಡುವ ಭಾಷೆಗಳದ್ದೇ ದೊಡ್ಡ ಗುಂಪು, ಇಂಗ್ಲಿಷಿನಂತೆ ನಡುವೆ ಇಡುವವು ಅದರ ನಂತರ. ಕರ್ಮವನ್ನು ಮೊದಲಿಟ್ಟು ಕರ್ತೃವನ್ನು ಕೊನೆಗೆ ತಳ್ಳುವ ಬ್ರೆಜಿಲ್‌ನ ಹಿಷ್ಕರ್ಯಾನದಂಥವು ಬೆರಳೆಣಿಕೆಯಷ್ಟು. ಆಡುತ್ತಿದ್ದಂತೆಯೇ ಇಂಗ್ಲಿಷಿಗೆ ತಿರುಗಿಸುವ ಯಂತ್ರ ಕ್ರಿಯೆ ಬರುವ ಮೊದಲೇ ಅದನ್ನು ಊಹಿಸಿಬಿಡುತ್ತದೆ. "ನಾಳೆ ಮುಂಜಾನೆ ಗದಗ ಎಪಿಎಂಸಿಗೆ ಹತ್ತಿ ತಗೊಂಡು" ಎಂಬಲ್ಲಿಗೆ "ಬರುತ್ತೇನೆ" ಎಂದು ಬರೆದು, "ಬರಾಂಗಿಲ್ಲ" ಕೇಳಿದಾಗ ತಿದ್ದಲು ಪರದಾಡುತ್ತದೆ. ಇನ್ನೊಂದು ಗುಂಡಿ "ನಾವು". ಮರಾಠಿಯಲ್ಲಿ ಕೇಳುವವರನ್ನೂ ಸೇರಿಸಿದರೆ "ಆಪಣ್", ಬಿಟ್ಟರೆ "ಆಮ್ಹೀ". ತೆಲುಗಿನಲ್ಲಿ "ಮನಂ", "ಮೇಂ". ಈಗಿನ ಕನ್ನಡದಲ್ಲಿ ಆ ಭೇದವಿಲ್ಲ. "ನಾವು ರೊಕ್ಕ ತುಂಬಬೇಕು" ಎಂಬುದನ್ನು ಗಡಿಯಾಚೆಯ ಬ್ಯಾಂಕಿಗೆ ಅನುವಾದಿಸುವಾಗ ರೊಕ್ಕ ಯಾರು ತುಂಬಬೇಕೆಂದು ಯಂತ್ರ ಊಹೆ ಮಾಡಲೇಬೇಕು. ಬ್ಯಾಂಕಿನವರೂ ಸೇರಿದರೋ ಇಲ್ಲವೋ?

ಸಂಖ್ಯೆಗಳ ಬಗ್ಗೆ ಚಿಕ್ಕದಾಗಿ. ಹುಬ್ಬಳ್ಳಿ ವ್ಯಾಪಾರದ ಮಾತಿನಲ್ಲಿ ಮರಾಠಿಯಿಂದ ಬಂದ "ದೀಡ ಸಾವಿರ" ಎಂದರೆ 1,500, "ಅಡೀಚ ಸಾವಿರ" ಎಂದರೆ 2,500. ಅಡೀಚದ ಮೂಲ "ಅರ್ಧತೃತೀಯ", ಮೂರನೆಯದು ಅರ್ಧ. ಡೇನಿಷ್ ಭಾಷೆಯಲ್ಲಿ ಐವತ್ತಕ್ಕೆ ಇರುವ ಪದವೂ ಇದೇ ಲೆಕ್ಕ: "ಮೂರನೆಯದು ಅರ್ಧ ಸಲ ಇಪ್ಪತ್ತು". ಕನ್ನಡದ ನಿಘಂಟಷ್ಟೇ ಗೊತ್ತಿರುವ ಯಂತ್ರ "ದೀಡ"ವನ್ನು ಬಿಟ್ಟುಬಿಟ್ಟರೆ 1,500 ಹೋಗಿ ಬರೀ ಸಾವಿರ ಉಳಿಯುತ್ತದೆ. ಸಂಖ್ಯೆಯನ್ನು ತೆರೆಯ ಮೇಲೆ ಅಂಕಿಯಲ್ಲಿ ತೋರಿಸಿ ಒಪ್ಪಿಗೆ ಪಡೆಯುವುದೊಂದೇ ಇದಕ್ಕೆ ದಾರಿ.

ಧ್ವನಿ ಸಂಗ್ರಹಿಸುವಾಗ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆ ಕನ್ನಡವೂ ಸೇರಿ ಒಂಬತ್ತು ಭಾಷೆಗಳಲ್ಲಿ, ಕೃಷಿ ಮತ್ತು ಹಣಕಾಸಿನ ಮಾತನ್ನು ಉಪಭಾಷೆಗಳ ಸಮೇತ ಸಂಗ್ರಹಿಸಿದೆ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ ಜಿಲ್ಲೆಗಳಿಗೆ ಹೋಗಿ ಸಹಜ ಮಾತನ್ನು ದಾಖಲಿಸಿದೆ. ದಾರಿ ಸರಿಯಾದದ್ದೇ. ಧಾರವಾಡದಲ್ಲಿ ಐಐಟಿ ಇದೆ, ಐಐಐಟಿ ಇದೆ, ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಪೀಠವಿದೆ, ರೈತರ ಒಡನಾಟವಿರುವ ಕೃಷಿ ವಿಶ್ವವಿದ್ಯಾಲಯವಿದೆ, 1950ರಿಂದ ಮಾತಾಡುತ್ತಿರುವ ಆಕಾಶವಾಣಿ ಇದೆ. ಈ ಐದು ಒಂದೇ ಮೇಜಿಗೆ ಬಂದರೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಮಾತಿನ ಒಳ್ಳೆಯ ಸಂಗ್ರಹ ಇಲ್ಲಿಯೇ ಆದೀತು. ಕೆಲಸಕ್ಕೆ ಇಳಿಯುವವರು ಕೆಲವು ವಿಷಯಗಳಲ್ಲಿ ಎಚ್ಚರವಾಗಿರಬೇಕು.

ಕಾಗದದಲ್ಲಿ ವಾಕ್ಯ ಬರೆದು ಓದಿಸಬೇಡಿ. ಓದುವಾಗ ಯಾರೂ "ಬರವಲ್ದು" ಎನ್ನುವುದಿಲ್ಲ, ಶಾಲೆಯ ಕನ್ನಡಕ್ಕೆ ಜಾರುತ್ತಾರೆ. ಪ್ರಶ್ನೆ ಕೇಳಿ ಮಾತು ತೆಗೆಯಿರಿ: "ಈ ಸಲ ಹೊಲದಾಗ ಮಳಿ ಹೆಂಗೈತ್ರಿ?" ಎಂದರೆ ಬೇಕಾದ ಬಾಲಗಳೆಲ್ಲ ತಾವಾಗಿ ಬರುತ್ತವೆ. ಕೇಳುವವರೂ ಈ ಕಡೆಯವರೇ ಇರಬೇಕು, ಇಲ್ಲದಿದ್ದರೆ ಎದುರಿನವರು ಪರಸ್ಥಳದವರಿಗೆಂದು ಮಾತು ತಿದ್ದಿಕೊಳ್ಳುತ್ತಾರೆ. "ರಿ" ಒಂದೇ ಸಾಲದು. ಅತ್ತೆ-ಸೊಸೆ, ಅಣ್ಣ-ತಮ್ಮ, ಗೆಳೆಯರ ಜೋಡಿಗಳನ್ನು ಕೂಡಿಸಿ ಮಾತಾಡಿಸಿದರೆ ಪಾ, ವಾ, ಬೇ, ಲೇ ಸಿಗುತ್ತವೆ.

ಮುದ್ರಣ 16 ಕಿಲೋಹರ್ಟ್ಸ್, 16 ಬಿಟ್, ಒಂದೇ ಚಾನೆಲ್ ಇರಲಿ, ತಾಸಿಗೆ ಸುಮಾರು 115 ಎಂಬಿ ಆಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ದನಿ ಕುಗ್ಗಿರುತ್ತದೆ, ಮೂಲ ಕಡತವನ್ನೇ ತೆಗೆದುಕೊಳ್ಳಿ. ಹಳೆಯ ಫೋನ್ ಲೈನು 3,400 ಹರ್ಟ್ಸ್‌ಗಿಂತ ಮೇಲಿನದನ್ನು ಕತ್ತರಿಸುತ್ತದೆ. "ಸ"ದ ಸುಯ್ಯೆನ್ನುವ ದನಿ ಹೆಚ್ಚಾಗಿ ಅದಕ್ಕಿಂತ ಮೇಲಿರುವುದರಿಂದ ಸ-ಶ ಭೇದ ಅಲ್ಲೇ ಹೋಗುತ್ತದೆ. ಸಹಾಯವಾಣಿಗೆಂದು ತಯಾರಾಗುವ ಯಂತ್ರವನ್ನು ಫೋನಿನ ದನಿಯಲ್ಲೂ ತರಬೇತು ಮಾಡಬೇಕು, ಸ್ಟುಡಿಯೋದ ದನಿ ಸಾಲದು. ಆಕಾಶವಾಣಿಯ ಹಳೆಯ ಮುದ್ರಣಗಳು ಪದಸಂಪತ್ತಿಗೆ ಬಂಗಾರ, ಬಸ್ ಸ್ಟ್ಯಾಂಡಿನ ಗದ್ದಲ ಕಲಿಸಲು ಅವುಗಳಿಂದ ಆಗದು. ಪ್ರತಿ ಮಾತಿನ ಹಿಂದೆ ಮುಂದೆ ಅರ್ಧ ಸೆಕೆಂಡು ಮೌನ ಉಳಿಸಿ. ಮೌನ ಕತ್ತರಿಸುವ ತಂತ್ರಾಂಶ ಕೊನೆಯ ಮೆತ್ತಗಿನ "ದು", "ತ"ಗಳನ್ನೂ ಕತ್ತರಿಸಿಬಿಡುತ್ತದೆ.

ಅತಿ ಹೆಚ್ಚು ಹಾನಿಯಾಗುವುದು ಬರೆದಿಳಿಸುವಾಗ. ಕೂಲಿಗೆ ಬರೆಯುವವರು ಒಳ್ಳೆಯ ಮನಸ್ಸಿನಿಂದಲೇ "ಐತಿ"ಯನ್ನು "ಇದೆ" ಎಂದು ತಿದ್ದುತ್ತಾರೆ. ಆಗ ಯಂತ್ರ ಕೇಳುವುದು ಒಂದು, ಓದುವುದು ಇನ್ನೊಂದು. ಕೇಳದ ಪದವನ್ನು ಬರೆಯುವ ಚಾಳಿ ಅದಕ್ಕೆ ಅಂಟುವುದು ಹೀಗೆ. ಎರಡು ಸಾಲು ಬೇಕು: ಮೇಲೆ ಕೇಳಿದ್ದು ಕೇಳಿದ ಹಾಗೆ, ಕೆಳಗೆ ಬರಹದ ಕನ್ನಡ. ಮೇಲಿನ ಸಾಲಿಗೆ ಒಂದೇ ಕಾಗುಣಿತ ಮೊದಲೇ ಗೊತ್ತುಮಾಡಿಕೊಳ್ಳಿ. "ಐತಿ, ಐತೆ, ಏತಿ" ಮೂರೂ ನಿಜವಾಗಿ ಕೇಳಿದರೆ ಮೂರೂ ಇರಲಿ, ಆದರೆ ಒಂದೇ ದನಿಗೆ ಒಬ್ಬರು "ಅಯ್ತಿ" ಇನ್ನೊಬ್ಬರು "ಐತಿ" ಬರೆಯಬಾರದು. "ವಲ್" ಮತ್ತು "ರಿ" ಕ್ರಿಯಾಪದಕ್ಕೆ ಅಂಟಿಯೇ ಇರಲಿ, ನಡುವೆ ಜಾಗ ಬೇಡ. ಬಾಲದಲ್ಲಿ ನಿಷೇಧವಿದ್ದರೆ, ಕೇಳಿಕೆ ಇದ್ದರೆ ಪಕ್ಕದಲ್ಲಿ ಗುರುತು ಹಾಕಿ.

ಯಂತ್ರ ಸಿದ್ಧವಾದ ಮೇಲೆ ಬಾಲ ಮಾತ್ರ ಬೇರೆಯಿರುವ ಜೋಡಿವಾಕ್ಯಗಳಿಂದ ಪರೀಕ್ಷಿಸಿ: ಬರೂದು-ಬರವಲ್ದು, ಬರ್ತೀನ್ರಿ-ಬರಾಂಗಿಲ್ರಿ, ಕೊಟ್ಟಾರ-ಕೊಟ್ಟಾರಂತ. ಇಪ್ಪತ್ತು ಜೋಡಿ ಸಾಕು. ಹಲ್ಲು ಹೋದ ಅಜ್ಜ, ಮೆಲುದನಿಯ ಹೆಣ್ಣುಮಗಳು, ಅವಸರದ ಕಾಲೇಜು ಹುಡುಗ, ಇವರೆಲ್ಲ ಆಡಬೇಕು. ಒಮ್ಮೆ ಮನೆಯೊಳಗೆ, ಒಮ್ಮೆ ಟ್ರ್ಯಾಕ್ಟರ್ ಪಕ್ಕದಲ್ಲಿ. ಜೋಡಿಗಳನ್ನು ಬೆನ್ನುಬೆನ್ನಿಗೆ ಆಡಿಸಬೇಡಿ, ಭೇದ ತೋರಿಸಲು ಜನ ಬಾಲವನ್ನು ಒತ್ತಿ ಹೇಳಿಬಿಡುತ್ತಾರೆ.

ಅಲ್ಲಿಯವರೆಗೆ ಈಗಿರುವ ಸೇವೆ ಬಳಸುವವರು "ಇಲ್ಲ"ವನ್ನು ಬಿಡಿ ಪದವಾಗಿ ಇನ್ನೊಮ್ಮೆ ಹೇಳುವುದು ಒಳ್ಳೆಯದು: "ಮಳಿ ಬರವಲ್ದು. ಮಳಿ ಇಲ್ಲ." ಹೇಳಿದ ಮೇಲೆ ಒಂದು ಸೆಕೆಂಡು ತಡೆದು, ಮಾತಾಡಲು ಒತ್ತಿ ಹಿಡಿದ ಗುಂಡಿ ಬಿಡಿ. ಸೇವೆ ಕಟ್ಟುವವರು ನಿಷೇಧದ ಬಗ್ಗೆ ಯಂತ್ರಕ್ಕೆ ಅನುಮಾನವಿದ್ದಾಗ ದಾಖಲಿಸುವ ಮೊದಲು ತಿರುಗಿ ಕೇಳುವಂತೆ ಮಾಡಬೇಕು. ಆ ಪ್ರಶ್ನೆ "ನೀವು ಹೇಳಿದ್ದು ಸರಿಯೇ?" ಎಂದಿರಬಾರದು, ಏನು ಬರೆದುಕೊಂಡಿದೆ ಎಂದು ತಿಳಿಯದೆಯೇ ಎಲ್ಲರೂ ಹೂಂ ಎನ್ನುತ್ತಾರೆ. "ಮಳಿ ಆಗೈತಿ ಅಂದ್ರ ಒಂದು ಒತ್ರಿ, ಆಗಿಲ್ಲ ಅಂದ್ರ ಎರಡು ಒತ್ರಿ" ಎಂದಿರಬೇಕು.